ಬೂದೆಪ್ಪನ ಸಲುವಾಗಿ ಎದ್ದವರು

ನಮ್ಮೂರಿನ ಟಾಕೀಸಿನಲ್ಲಿ ಪರದೆಯ ಮೇಲೆ ಯಾರಾದರೂ ಸಾಯುವ ಹೊತ್ತು ಬಂತೆಂದರೆ ಜನ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಾರೆ. ಕೆಮ್ಮು ಬಂದರೆ ಕೂತೇ ಕೆಮ್ಮುತ್ತಾರೆ. ಮಗು ಅತ್ತರೆ ಕೂತೇ ತೂಗುತ್ತಾರೆ. ತಿಗಣೆ ಕಚ್ಚಿದರೂ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆಯೇ ಹೊರತು ಮೇಲೇಳುವುದಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಯಾರಾದರೂ ಎದ್ದು ನಿಂತರೆ, ಸತ್ತವರು ಆಟ ಬಿಟ್ಟ ಮೇಲೆ ಟಾಕೀಸಿನ ಹಿಂಬಾಗಿಲಿನಿಂದ ನಡೆದು ಹೊರಗೆ ಬರುತ್ತಾರೆ. ಎದ್ದವರು ಅವರನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ ಹಾಕಬೇಕು. ಯಾರೂ ಏಳದಿದ್ದರೆ ಸತ್ತವರು ಸತ್ತೇ ಹೋಗುತ್ತಾರೆ, ಬೇರೆ ಊರುಗಳಲ್ಲಿ ಆಗುವ ಹಾಗೆ.

ಯುದ್ಧದ ಪಿಕ್ಚರು ಈಗ ನಮ್ಮೂರಿಗೆ ತರಿಸುವುದಿಲ್ಲ. ಹಿಂದೊಮ್ಮೆ ಅಂಥದೊಂದು ನಡೆದಾಗ, ಕಾಳಗ ಜೋರಾಗಿರುವಾಗಲೇ ಯಾರೋ ಪುಣ್ಯಾತ್ಮ ಕಾಲ ಹತ್ತಿರ ಹಾವು ಕಂಡೆ ಎಂದು ಕೂಗಿಕೊಂಡ. ಇಡೀ ಟಾಕೀಸು ಎದ್ದು ನಿಂತಿತು. ಹಾವು ಇರಲಿಲ್ಲ, ಬಿಚ್ಚಿ ಬಿದ್ದ ರುಮಾಲು. ಆಟ ಬಿಟ್ಟ ಮೇಲೆ ಹಿಂಬಾಗಿಲಿನಿಂದ ಒಂದು ದಂಡೇ ಹೊರಬಿತ್ತು, ಭರ್ಚಿ ಹಿಡಿದವರು, ಕಹಳೆ ಊದುವವರು, ಒಬ್ಬ ಮಾವುತ. ಆನೆ ಸತ್ತಿರಲಿಲ್ಲ, ದೇವರು ದೊಡ್ಡವನು. ಅವರೆಲ್ಲ ಇರುವ ಕೇರಿಗೆ ಈಗ ದಂಡಿನ ಓಣಿ ಎಂದೇ ಹೆಸರು. ಕೆಲವರು ಗೌಂಡಿ ಕೆಲಸ ಕಲಿತರು, ಕೆಲವರು ಇಂದಿಗೂ ಸಾಲಾಗಿ ನಿಲ್ಲುವುದನ್ನು ಬಿಟ್ಟು ಬೇರೇನೂ ಕಲಿತಿಲ್ಲ.

ಹೊರಗೆ ಬಂದವರಿಗೂ ಒಂದು ಕಟ್ಟುಪಾಡುಂಟು. ಪಿಕ್ಚರಿನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರೆ ಅಲ್ಲಿ ಬಂದ ಸಾವು ಇಲ್ಲಿಗೂ ಹುಡುಕಿಕೊಂಡು ಬರುತ್ತದೆ. ಕುದುರೆಯಿಂದ ಬಿದ್ದು ಸತ್ತಿದ್ದ ರಾಜಕುಮಾರನೊಬ್ಬನನ್ನು ಎಣ್ಣೆಗಾಣದ ಸಂಗಣ್ಣ ಮನೆಗೆ ತಂದಿಟ್ಟುಕೊಂಡಿದ್ದ. ಹುಡುಗ ಒಂದು ದಿನ ತಡೆಯಲಾರದೆ ಟಾಂಗಾದ ಕುದುರೆ ಹತ್ತಿದ. ಅದು ಮುಂಗಾಲೆತ್ತಿತು. ಆಗಲೂ ಯಾರಾದರೂ ಎದ್ದು ನಿಂತರೆ ಉಳಿಯುತ್ತಾರೆ, ಆದರೆ ಒಬ್ಬರ ಸಲುವಾಗಿ ಒಬ್ಬರು ಒಂದೇ ಸಲ ಏಳಬಹುದು. ಸಂಗಣ್ಣ ತನ್ನ ಸರದಿಯನ್ನು ಟಾಕೀಸಿನಲ್ಲೇ ಮುಗಿಸಿದ್ದ. ಆದರೂ ಬೀದಿಯಲ್ಲಿ ಹುಚ್ಚನ ಹಾಗೆ ಕೂತು ಎದ್ದು, ಕೂತು ಎದ್ದು ಮಾಡಿದ. ಉಳಿದದ್ದು ರಸ್ತೆಯ ಮೇಲೆ ಸುಟ್ಟ ರೀಲಿನ ವಾಸನೆ ಅಷ್ಟೇ. ಅದನ್ನು ಕಣ್ಣಾರೆ ಕಂಡವಳು ನಾನು.

ನಾನು ರಾಚವ್ವ. ಸಂತೆಪೇಟೆಯಲ್ಲಿ ನನ್ನದೊಂದು ಖಾನಾವಳಿ ಇದೆ. ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಸಂತೆಯ ಬಯಲಿಗೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಮ್ಯಾಟಿನಿಗೆ ಹೋಗಿ ಕತ್ತಲಲ್ಲಿ ಕಾಲು ಚಾಚಿ ಕೂರುವುದೊಂದೇ ನನ್ನ ಸುಖ. ಯಾರ ಸಲುವಾಗಿಯೂ ಎದ್ದವಳಲ್ಲ. ಊರಿನವರ ಹೊಟ್ಟೆ ತುಂಬಿಸುವುದೇ ಸಾಕಾಗಿರುವಾಗ ಪರದೆಯವರನ್ನೂ ಎಲ್ಲಿ ಕಟ್ಟಿಕೊಳ್ಳಲಿ?

ಆ ದಿನ ಬಂದದ್ದು ಬಹಳ ಹಳೆಯ ಮೂಕಿ ಚಿತ್ರ, 'ಏಳು ಬೀದಿಯ ದೊರೆ'. ಮಾತಿಲ್ಲದ ಚಿತ್ರಗಳಲ್ಲಿ ನಡುನಡುವೆ ಬರಹದ ಪಟ್ಟಿ ಬರುತ್ತದಲ್ಲ, ಅದನ್ನು ಓದು ಬಾರದವರಿಗಾಗಿ ಗುಂಡಾ ಮಾಸ್ತರರು ಪರದೆಯ ಪಕ್ಕ ನಿಂತು ಗಟ್ಟಿಯಾಗಿ ಓದುತ್ತಾರೆ. ರಿಟೈರಾದರೂ ಅವರ ದನಿ ರಿಟೈರಾಗಿಲ್ಲ. ಯಾವುದೋ ದೂರದೇಶದ ಪಟ್ಟಣ. ಹರಿದ ಕೋಟಿನ ಒಬ್ಬ ಹುಡುಗ ಕದ್ದು ಸಾರಾಯಿ ಸಾಗಿಸುತ್ತ ಸಾಗಿಸುತ್ತ ಒಂದೊಂದೇ ಬೀದಿಯನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅಂಗಡಿಗೆ ಹೋಗಿ "ನಿಮಗೆ ರಕ್ಷಣೆ ಬೇಕು" ಅನ್ನುತ್ತಾನೆ. "ಯಾರಿಂದ?" ಎಂದು ಅಂಗಡಿಯವ ಕೇಳಿದರೆ "ನನ್ನಿಂದ" ಅನ್ನುತ್ತಾನೆ. ಟೋಪಿ ದೊಡ್ಡದಾಗುತ್ತ ಹೋಗುತ್ತದೆ, ಕುರ್ಚಿ ದೊಡ್ಡದಾಗುತ್ತ ಹೋಗುತ್ತದೆ, ಜೊತೆಗೆ ನಗುವವರು ಕಡಿಮೆಯಾಗುತ್ತಾರೆ. ಕಡೆಗೆ ಅವನ ಬಲಗೈ ಬಂಟನೇ ತಿರುಗಿಬೀಳುತ್ತಾನೆ. ದೊರೆ ಓಡುತ್ತಾನೆ, ಓಡುತ್ತಾನೆ, ಒಂದು ಬಾಗಿಲೂ ತೆರೆಯುವುದಿಲ್ಲ. ಕೊನೆಗೆ ರೊಟ್ಟಿ ಸುಡುವವನ ಹಿಂಬಾಗಿಲಿಗೆ ಬಂದು ನಿಲ್ಲುತ್ತಾನೆ. "ಒಂದು ತುಂಡು ರೊಟ್ಟಿ ಕೊಡಿ. ನಾನು ಈ ಪಟ್ಟಣವನ್ನು ಆಳಿದವನು" ಎಂದು ಮಾಸ್ತರರು ಓದಿದರು. ರೊಟ್ಟಿ ಸುಡುವವ ಒಂದು ತುಂಡು ಕೊಟ್ಟು ಬಾಗಿಲು ಹಾಕಿಕೊಂಡ. ಹಿಂದಿನಿಂದ ಗುಂಡು.

ಸರಿಯಾಗಿ ಆಗಲೇ ನನಗೆ ಒಲೆಯ ಮೇಲೆ ಹಾಲು ಬಿಟ್ಟು ಬಂದದ್ದು ನೆನಪಾಯಿತು. ಎದ್ದು ನಿಂತೆ. ಹಿಂದಿನ ಸಾಲಿನಿಂದ ಯಾರೋ "ರಾಚವ್ವ ಎದ್ದಳು! ರಾಚವ್ವ ಎದ್ದಳಪ್ಪೋ!" ಎಂದು ಚಪ್ಪಾಳೆ ತಟ್ಟಿದರು. ಕೂತೆ. ಕೂತರೇನು, ಬಾಣ ಬಿಟ್ಟಾಗಿತ್ತು.

ಹಿಂಬಾಗಿಲಲ್ಲಿ ಅವನು ಬಂದ. ಮೈ, ಕೋಟು, ಟೋಪಿ ಎಲ್ಲ ಒಲೆಯ ಬೂದಿಯ ಬಣ್ಣ, ಕೈಯಲ್ಲಿ ಅರ್ಧ ರೊಟ್ಟಿ. ಎಳೆಯ ಮುಖ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ "ನನಗಾಗಿ ಎದ್ದು ನಿಂತವರು ತಾವೇ?" ಅಂದ. ಅವನ ಬಾಯಲ್ಲಿ ಬರುತ್ತಿದ್ದದ್ದು ಮಾಸ್ತರರ ಓದಿನ ಕನ್ನಡವೇ. ಬೇರೆ ಮಾತು ಅವನು ಕೇಳಿರಲೇ ಇಲ್ಲವಲ್ಲ. ನಾನು "ಹೌದಪಾ, ನಡಿ, ಮನ್ಯಾಗ ಹಾಲು ಉಕ್ಕಿ ಹೊಂಟಿರತೈತಿ" ಅಂದೆ. ಅವನಿಗೆ ಎಷ್ಟು ಅರ್ಥವಾಯಿತೋ, ಟೋಪಿ ತೆಗೆದು ಎದೆಗೆ ಹಿಡಿದು ನನ್ನ ಹಿಂದೆಯೇ ಬಂದ. ಹಾಲು ಉಕ್ಕಿ ಒಲೆ ಆರಿತ್ತು.

ಊರವರು ಬೂದೆಪ್ಪ ಎಂದು ಹೆಸರಿಟ್ಟರು. ಹಳೆಯ ಚಿತ್ರದವರಿಗೆ ಬಣ್ಣ ಬರಬೇಕಾದರೆ ಖಾರ ತಿನ್ನಿಸಬೇಕು. ಕೆಂಪು ಚಟ್ನಿ, ಹಸಿಮೆಣಸಿನಕಾಯಿ, ಬಿಸಿ ರೊಟ್ಟಿ ಹಾಕಿದೆ. ಮೊದಲು ನಾಲಿಗೆ ಕೆಂಪಾಯಿತು, ಆಮೇಲೆ ಉಗುರುಗಳಲ್ಲಿ ನಸುಗೆಂಪು ಇಳಿಯಿತು. ಸಂಜೆ ನನ್ನ ಎದುರಿಗೆ ಕೂತು ಬಳ್ಳುಳ್ಳಿ ಸುಲಿಯುತ್ತಿದ್ದ. ಕೋಟಿನ ತೋಳು ಮಡಿಸದೆ, ದರ್ಬಾರಿನಲ್ಲಿ ಕೂತ ಹಾಗೆ ಕೂತು ಸುಲಿಯುತ್ತಿದ್ದ. ಉಣ್ಣಲು ಬಂದವರಿಗೆಲ್ಲ "ಈ ಮಹಾತಾಯಿ ನನಗಾಗಿ ಎದ್ದು ನಿಂತರು. ತುಂಬಿದ ಸಭೆಯಲ್ಲಿ ಒಬ್ಬರೇ!" ಎಂದು ಹೇಳುತ್ತಿದ್ದ. ನಾನು ಒಲೆಯ ಕಡೆ ಮುಖ ತಿರುಗಿಸುತ್ತಿದ್ದೆ. ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಆ ಎಳೆ ಹುಡುಗನ ಮೇಲೆ ನನಗೆ ಮಾಯೆ ಹತ್ತಿತ್ತು. ಕರುಳು ಯಾರನ್ನು ಕೇಳಿ ಅಂಟಿಕೊಳ್ಳುತ್ತದೆ?

ದಂಡಿನ ಓಣಿಯ ದಂಡಪ್ಪ ನನ್ನಲ್ಲೇ ಉಣ್ಣುತ್ತಿದ್ದ. ಪಿಕ್ಚರಿನಲ್ಲಿ ಭರ್ಚಿಯ ತಿವಿತಕ್ಕೆ ಸತ್ತಿದ್ದ ಸುಬೇದಾರ, ಅವನನ್ನು ಕರೆತಂದವರು ಗುಂಡಾ ಮಾಸ್ತರರು. ಭರ್ಚಿಯನ್ನು ಊಟಕ್ಕೂ ತರುತ್ತಿದ್ದ, ಚಪ್ಪಲಿಯ ಪಕ್ಕ ಒರಗಿಸಿ ಕೂರುತ್ತಿದ್ದ. ಒಂದು ದಿನ ಬೂದೆಪ್ಪ ತನ್ನ ಪುರಾಣ ಶುರುಮಾಡಿದ್ದೇ ತಡ, ದಂಡಪ್ಪ ಬಾಯಲ್ಲಿನ ತುತ್ತು ಹೊರಗೆ ಬರುವ ಹಾಗೆ ನಕ್ಕ. "ಯಪ್ಪಾ ದೊರಿ, ಆಕಿ ಎದ್ದಿದ್ದು ನಿನ್ನ ಸಲುವಾಗಿ ಅಲ್ಲೋ, ಹಾಲಿನ ಸಲುವಾಗಿ! ಊರಿಗೆ ಊರ ನಗತೈತಿ, ನಿನಗೊಬ್ಬಗ ಗೊತ್ತಿಲ್ಲ." ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ಬೂದೆಪ್ಪ ನನ್ನ ಕಡೆ ನೋಡಿದ. "ಇದು ಸತ್ಯವೇ, ತಾಯಿ?"

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಮಂದಿಯ ಮುಂದೆ ನಾಲಿಗೆ ಹೊರಳಲಿಲ್ಲ. "ಆವತ್ತು ಹಾಲಿಗೇ ಎದ್ದೆನಪಾ," ಅಂದೆ, "ಆದರ ಇವತ್ತಿಗೆ..." ಅನ್ನುವಷ್ಟರಲ್ಲಿ ಅವನು ಸುಲಿದ ಬಳ್ಳುಳ್ಳಿಯನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ, ಟೋಪಿ ಇಟ್ಟುಕೊಂಡು ಹೊರಟುಹೋದ. ಮರುದಿನ ಸಂತೆಯಲ್ಲಿ ಅವನು ಕಂಡಾಗ ಹಿಂದೆ ದಂಡಪ್ಪನೂ ಓಣಿಯ ನಾಲ್ಕಾರು ಪಡೆಯವರೂ ಸಾಲಾಗಿ ನಿಂತಿದ್ದರು. ನಕ್ಕರೇನು, ಹಿಂದೆ ಸಾಲು ನಿಲ್ಲುವುದಕ್ಕೆ ಒಬ್ಬ ದೊರೆ ಸಿಕ್ಕರೆ ಅವರಿಗೆ ಅಷ್ಟೇ ಸಾಕಿತ್ತು.

ಮೊದಮೊದಲು ನಗೆಪಾಟಲಾಯಿತು. ಸೊಪ್ಪಿನವಳ ಮುಂದೆ ನಿಂತು "ನಿಮಗೆ ರಕ್ಷಣೆ ಬೇಕು" ಅಂದ. ಅವಳು "ಯಾರಿಂದಪಾ?" ಅಂದಳು. "ನನ್ನಿಂದ" ಅಂದ. ಅವಳು "ಹೌದೇನ? ತಗೋ" ಎಂದು ಒಂದು ಕಟ್ಟು ಮೆಂತ್ಯೆ ಸೊಪ್ಪು ಅವನ ಟೋಪಿಯಲ್ಲಿ ಹಾಕಿದಳು. ನಮ್ಮ ಸಂತೆಯಲ್ಲಿ ಮುಂದೆ ಬಂದು ನಿಂತವರಿಗೆ ಒಂದು ಹಿಡಿ ಹಾಕುವುದು ಅಜ್ಜ ಮುತ್ತಜ್ಜರ ಕಾಲದ ಪದ್ಧತಿ. ದಾಸಯ್ಯನಿಗೂ ಹಾಕುತ್ತಾರೆ, ಕೋಲೆಬಸವನಿಗೂ ಹಾಕುತ್ತಾರೆ. ಸಂತೆ ಸುತ್ತುವಷ್ಟರಲ್ಲಿ ಬೂದೆಪ್ಪನ ಟೋಪಿ ಬದನೆಕಾಯಿ, ಕಡಲೆ, ಕರಿಬೇವಿನಿಂದ ತುಂಬಿತು. ಹೆದರಿಕೆಯನ್ನು ಮಾತ್ರ ಯಾರೂ ಅದರಲ್ಲಿ ಹಾಕಲಿಲ್ಲ.

ಆಗ ಅವನ ಕಣ್ಣು ನೆರಳಿನ ಮೇಲೆ ಬಿತ್ತು. ನಮ್ಮ ಸಂತೆಯ ಬಯಲಿನಲ್ಲಿ ಇರುವುದು ಒಂದೇ ಬೇವಿನ ಮರ. ಅದರ ಕೆಳಗೆ ಕೂರುವುದಕ್ಕೆ ಪಾಳಿ ಉಂಟು. ಈ ಸಂತೆಗೆ ನೆರಳಲ್ಲಿ ಕೂತವರು ಬರುವ ಸಂತೆಗೆ ಬಿಸಿಲಿಗೆ. ವಯಸ್ಸಾದವರಿಗೆ ಮಾತ್ರ ಕಾಯಂ ನೆರಳು. ಬೂದೆಪ್ಪ ಮರದ ಬುಡಕ್ಕೆ ಒಂದು ದೊಡ್ಡ ಕುರ್ಚಿ ತರಿಸಿ ಹಾಕಿಕೊಂಡು ಕೂತ. ಇನ್ನು ಮುಂದೆ ನೆರಳು ತನ್ನದು, ತಾನು ಹೇಳಿದವರಿಗೆ ಮಾತ್ರ ಅಂದ. ನಿಂಬೆಹಣ್ಣಿನ ಖಾತುನಬಿ ಒಬ್ಬಳೇ ಎದುರು ನಿಂತಳು. ಅರವತ್ತು ದಾಟಿದ ಮುದುಕಿ, ಮಾತು ಅವಳ ಹಣ್ಣಿಗಿಂತ ಹುಳಿ. "ಮರ ನಿಮ್ಮಪ್ಪ ನೆಟ್ಟಾನೇನಲೇ?" ಅಂದಳು. ಬೂದೆಪ್ಪ ಬೂಟುಗಾಲಿನಿಂದ ಅವಳ ಬುಟ್ಟಿ ಉರುಳಿಸಿದ. ನಿಂಬೆಹಣ್ಣುಗಳು ಬಯಲಿನ ತುಂಬ ಓಡಿದವು. ದಂಡಪ್ಪನ ಮಂದಿ ಅವನ್ನು ತುಳಿದು ಸಾಲಾಗಿ ನಿಂತರು. ಆ ದಿನದಿಂದ ಸಂತೆ ಹೆದರಿತು. ಖಾತುನಬಿ ಸುಡುಬಿಸಿಲಲ್ಲಿ, ತಲೆಯ ಮೇಲೆ ಒದ್ದೆ ಸೆರಗು ಹಾಕಿಕೊಂಡು ಕೂರಬೇಕಾಯಿತು.

ನಾನು ಅವನ ಕುರ್ಚಿಯ ಹತ್ತಿರ ಹೋದೆ. ರೊಟ್ಟಿ, ಚಟ್ನಿ ಕಟ್ಟಿಕೊಂಡೇ ಹೋಗಿದ್ದೆ. ಉಗುರಿನ ಕೆಂಪು ಹೋಗಿತ್ತು. ನಾಲಿಗೆಯೂ ಬೂದಿಯಾಗಿತ್ತು. "ಏನೋ ಇದು? ನಿನ್ನ ಪಿಕ್ಚರ್ ಹೆಂಗ ಮುಗೀತು ಅನ್ನೂದು ಮರತಿಯೇನು? ಅದನ್ನ ಮಾಡಿದರ ಅದ ಸಾವು ಬರತೈತೋ."

"ಬರಲಿ," ಅಂದ. "ಎದ್ದು ನಿಲ್ಲಲು ತಾವಿದ್ದೀರಲ್ಲ. ಅಥವಾ ಅಂದು ಒಲೆಯ ಮೇಲೆ ಮತ್ತೇನಾದರೂ ಇರುವುದೋ?"

ಮಾತು ಕುಟುಕಿತು. ಕುಟುಕಬೇಕೆಂದೇ ಆಡಿದ್ದ. "ನನ್ನ ಪಾಳಿ ಮುಗದೈತಿ," ಅಂದೆ. "ಒಬ್ಬರು ಒಂದ ಸಲ. ನಿನಗ ಗೊತ್ತೈತಿ." ಅವನು ಬಹಳ ಹೊತ್ತು ಟೋಪಿಯ ಅಂಚು ತಿರುವಿದ. "ಹಾಗಾದರೆ ನನಗಾಗಿ ಏಳುವವರು ಈ ಲೋಕದಲ್ಲಿ ಯಾರೂ ಇಲ್ಲ. ಇಲ್ಲದವನಿಗೆ ಕುರ್ಚಿಯಾದರೂ ಬೇಡವೇ?" ಅಂದ. ರೊಟ್ಟಿಯ ಗಂಟನ್ನು ಮುಟ್ಟಲಿಲ್ಲ. ನಾನು ಅದನ್ನು ಅಲ್ಲೇ ಮರದ ಬೇರಿನ ಮೇಲೆ ಇಟ್ಟು ಬಂದೆ.

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಪಾಲಿಗಿದ್ದ ಒಂದೇ ಒಂದು ಏಳುವಿಕೆಯನ್ನು ನಾನು ಅರ್ಧ ಸೇರು ಹಾಲಿಗೆ ಕೊಟ್ಟುಬಿಟ್ಟಿದ್ದೆ. ಸಂತೆಯಲ್ಲಿ ಕಂಡವರನ್ನೆಲ್ಲ ಕೇಳಿದೆ, ಹೊತ್ತು ಬಂದರೆ ಅವನ ಸಲುವಾಗಿ ಒಮ್ಮೆ ಏಳಿ ಎಂದು. ಸೊಪ್ಪಿನವಳು ಮುಖ ತಿರುಗಿಸಿದಳು. ಗುಂಡಾ ಮಾಸ್ತರರು "ನೋಡೋಣು ರಾಚವ್ವ" ಅಂದರು. ಅದರ ಅರ್ಥ ಇಲ್ಲವೆಂದೇ. ಖಾತುನಬಿಯನ್ನು ಕೇಳುವ ಧೈರ್ಯ ನನಗೇ ಆಗಲಿಲ್ಲ.

ಹೊತ್ತು ಬಂದದ್ದು ಸಂತೆಯ ದಿನ, ನಡುಮಧ್ಯಾಹ್ನ. ದಂಡಪ್ಪನಿಗೆ ಕುರ್ಚಿಯ ಮೇಲೆ ಆಸೆ ಹುಟ್ಟಿತ್ತು. ಬಲಗೈ ಬಂಟರಿಗೆ ಹುಟ್ಟುವ ಆಸೆಯೇ ಅದು. ನಾನು ಒಳಗೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಗದ್ದಲವಾಯಿತು, ಆಮೇಲೆ ದಬದಬ ಬಾಗಿಲು ಮುಚ್ಚುವ ಸದ್ದು, ಒಂದಾದ ಮೇಲೊಂದು, ಸಂತೆಯ ಸುತ್ತಲಿನ ಅಂಗಡಿಗಳೆಲ್ಲ. ಆ ಸದ್ದು ಮೂಕಿ ಚಿತ್ರದಲ್ಲಿ ಕೇಳಿರಲಿಲ್ಲ, ಆದರೂ ನನಗೆ ಗುರುತು ಸಿಕ್ಕಿತು. ಮರುಗಳಿಗೆ ಬೂದೆಪ್ಪ ನನ್ನ ಹಿಂಬಾಗಿಲಲ್ಲಿ ಬಂದು ಬಿದ್ದ. ಟೋಪಿ ಇರಲಿಲ್ಲ. ಬರಿ ತಲೆಯಲ್ಲಿ ಇನ್ನೂ ಎಳೆಯವನಾಗಿ ಕಂಡ.

"ಒಂದು ತುಂಡು ರೊಟ್ಟಿ ಕೊಡಿ," ಅಂದ. "ನಾನು ಈ ಪಟ್ಟಣವನ್ನು..." ಮುಂದಿನದು ಬಾಯಿಗೆ ಬರಲಿಲ್ಲ.

"ಒಳಗ ಬಾ!" ಎಂದು ಕೂತಲ್ಲಿಂದಲೇ ರಟ್ಟೆ ಹಿಡಿದು ಎಳೆದೆ. ಬಾಗಿಲು ಹಾರು ಹೊಡೆದಿತ್ತು, ಆದರೂ ಅವನ ಕಾಲು ಹೊಸ್ತಿಲು ದಾಟಲಿಲ್ಲ. ಪಿಕ್ಚರಿನಲ್ಲಿ ದಾಟಿರಲಿಲ್ಲವಲ್ಲ. ಹಿಂದೆ ದಂಡಪ್ಪ ಭರ್ಚಿ ಎತ್ತಿಕೊಂಡು ಬಂದ. ನಾನು ಎದ್ದು ನಿಂತೆ. ಉಪಯೋಗವಿಲ್ಲವೆಂದು ಗೊತ್ತಿದ್ದೂ ನಿಂತೆ, ಸಂಗಣ್ಣನ ಹಾಗೆ ಕೂತು ಮತ್ತೆ ನಿಂತೆ. ದಂಡಪ್ಪ ಭರ್ಚಿ ಹಿಂದಕ್ಕೆ ತೆಗೆಯಲಿಲ್ಲ. ಆಗ ಸಂತೆಯ ಕಡೆ ತಿರುಗಿ, ನನ್ನ ಜೀವಮಾನದಲ್ಲಿ ಎಂದೂ ಕೂಗದ ಹಾಗೆ ಕೂಗಿದೆ. "ಯಾರರ ಏಳ್ರೋ! ನಿಮ್ಮ ಕಾಲಿಗೆ ಬೀಳತೇನಿ, ಒಬ್ಬರರ ಏಳ್ರೋ! ಹುಡುಗ ಐತಿ!"

ಸಂತೆಗೆ ಸಂತೆಯೇ ಬುಟ್ಟಿಯ ಅಂಚು ಹಿಡಿದು ಕೂತಿತ್ತು, ಟಾಕೀಸಿನಲ್ಲಿ ಕುರ್ಚಿಯ ಕೈ ಹಿಡಿದು ಕೂರುವ ಹಾಗೆ. ಬೂದೆಪ್ಪ ಅವರ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು "ಬಿಡಿ, ತಾಯಿ. ರೊಟ್ಟಿ ಸೀಯುತ್ತಿದೆ" ಅಂದ.

ಆಗ ಬಿಸಿಲಿನ ಕಡೆಯಿಂದ ಖಾತುನಬಿ ಎದ್ದಳು. ಒಂದು ಕೈ ಮೊಣಕಾಲಿಗೆ ಊರಿ, ಒಂದು ಕೈ ಸೊಂಟಕ್ಕಿಟ್ಟು, ನಿಧಾನವಾಗಿ, ಪೂರ್ತಿ ಎದ್ದು ನಿಂತಳು. ತಲೆಯ ಮೇಲಿನ ಒದ್ದೆ ಸೆರಗು ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

ದಂಡಪ್ಪನ ಕೈ ನಿಂತಲ್ಲೇ ನಿಂತಿತು. ಹೊರಗೆ ಬಂದವರು ಯಾರೇ ಆಗಲಿ, ಪಾಳಿ ಉಳಿದವರು ಎದ್ದು ನಿಂತರೆ ಅವರ ಮುಂದೆ ಕೈ ಸೋಲುತ್ತದೆ. ಅವರ ಜೀವ ಶುರುವಾದದ್ದೇ ಅಂಥ ಒಂದು ಮುಖದಿಂದ. ಸೊಪ್ಪಿನವಳು ಎದ್ದಳು. ಕಡಲೆಯವ ಎದ್ದ. ಗುಂಡಾ ಮಾಸ್ತರರು ಅಂಗಡಿಯ ಕಟ್ಟೆಯಿಂದ ಎದ್ದು ಸೀದಾ ಬಂದು ದಂಡಪ್ಪನ ಕಿವಿ ಹಿಡಿದರು. "ಭರ್ಚಿ ಹಿಡಿದು ಒಮ್ಮೆ ಸತ್ತದ್ದು ಸಾಲದೇನಲೇ? ನಡಿ ಮನಿಗೆ." ಸುಬೇದಾರ ಭರ್ಚಿಯನ್ನು ಕೆಳಗಿಟ್ಟು ಶಾಲೆಯ ಹುಡುಗನ ಹಾಗೆ ಹೊರಟ. ಆ ಭರ್ಚಿಯನ್ನು ನಾನು ಇಟ್ಟುಕೊಂಡಿದ್ದೇನೆ. ಹಪ್ಪಳ ಒಣಗಿಸುವಾಗ ಕಾಗೆ ಓಡಿಸಲು ಬರುತ್ತದೆ.

ಬೂದೆಪ್ಪ ಬಯಲು ದಾಟಿ ಖಾತುನಬಿಯ ಮುಂದೆ ಹೋಗಿ ನಿಂತ. "ತಾವು... ನನಗಾಗಿ?" ಅಂದ.

"ನಿನಗ್ಯಾಕ ಏಳ್ಲಿ?" ಅಂದಳು. "ಕಾಲು ಜೋಮು ಹಿಡದಿತ್ತು." ಆ ಮುದುಕಿ ಅಲ್ಲಾಹನಾಣೆ ಇಟ್ಟಿದ್ದರೂ ನಾನು ನಂಬುತ್ತಿರಲಿಲ್ಲ. ಬೂದೆಪ್ಪನೂ ನಂಬಲಿಲ್ಲ. ಅವನು ಬಾಗಿ ಅವಳ ಬುಟ್ಟಿ ಎತ್ತಿಕೊಂಡು ಬೇವಿನ ಮರದ ಕೆಳಗೆ ಇಟ್ಟು ಬಂದ. ಕುರ್ಚಿಯನ್ನು ಆ ಸಂಜೆಯೇ ಒಡೆದು ನನ್ನ ಒಲೆಗೆ ಹಾಕಿದ. ಚೆನ್ನಾಗಿ ಉರಿಯಿತು, ತೇಗದ ಕಟ್ಟಿಗೆ.

ಖಾತುನಬಿ ಸುಮ್ಮನೆ ಬಿಡುವವಳಲ್ಲ. ಪ್ರತಿ ಸಂತೆಯ ಮುಂಜಾನೆ ಅವಳ ಬುಟ್ಟಿ ಹೊತ್ತು ತರಬೇಕು, ತುಳಿದ ಹಣ್ಣುಗಳಿಗೆಲ್ಲ ಈಡಾಗುವವರೆಗೆ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಬೇಕು ಎಂದು ಕಟ್ಟು ಮಾಡಿದಳು. ಈಡಾಗುವುದು ಅವಳ ಲೆಕ್ಕದಲ್ಲಿ ಇನ್ನೂ ಮುಗಿದಿಲ್ಲ. ಒಂದು ಹೊತ್ತು ಅವಳಲ್ಲಿ ಉಣ್ಣುತ್ತಾನೆ, ಒಂದು ಹೊತ್ತು ನನ್ನಲ್ಲಿ. ಅವಳ ಉಪ್ಪಿನಕಾಯಿ ನನ್ನ ಚಟ್ನಿಗಿಂತ ಬೇಗ ಬಣ್ಣ ತಂದಿತೆಂದು ಅವಳು ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನಾನು ಜಗಳ ಆಡುವುದಿಲ್ಲ. ಅವನ ಕಿವಿಗಳು ಈಗ ಬೆಳಕಿಗೆ ಹಿಡಿದರೆ ಕೆಂಪಗೆ ಕಾಣುತ್ತವೆ, ನನಗೆ ಅಷ್ಟು ಸಾಕು. ಮಾತು ಮಾತ್ರ ಹಾಗೇ ಉಳಿದಿತ್ತು. ನಿಂಬೆಹಣ್ಣು ಕೊಳ್ಳುವವರಿಗೆ "ದಯವಿಟ್ಟು ಹಿಸುಕಬೇಡಿ, ಸ್ವಾಮಿ" ಅನ್ನುತ್ತಿದ್ದ.

ಮೊನ್ನೆ ಟಾಕೀಸಿಗೆ ಹೊಸದೊಂದು ಪಿಕ್ಚರು ಬಂತು. ಬೂದೆಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಅದರಲ್ಲಿ ಒಬ್ಬ ಕಿಸೆಗಳ್ಳ ಬರುತ್ತಾನೆ. ಕಥೆಗೆ ಬೇಕಾದವನಲ್ಲ, ಮುಖವೂ ಚೆನ್ನಾಗಿಲ್ಲ, ಮುದುಕಿಯ ಗಂಟು ಕದ್ದು ಓಡುವಾಗ ರೈಲಿನಡಿ ಸಿಕ್ಕುತ್ತಾನೆ. ಟಾಕೀಸಿನ ತುಂಬ ಎಂದಿನಂತೆ ಎಲ್ಲರೂ ಕುರ್ಚಿಯ ಕೈ ಹಿಡಿದು ಗಟ್ಟಿಯಾಗಿ ಕೂತರು. ನಾನೂ ಹಿಡಿದೆ. ನೋಡಿದರೆ ಪಕ್ಕದ ಕುರ್ಚಿ ಖಾಲಿ. ಬೂದೆಪ್ಪ ಎದ್ದು ನಿಂತಿದ್ದ.

"ಕುಂದರೋ!" ಎಂದು ಅಂಗಿ ಜಗ್ಗಿದೆ. "ಕಳ್ಳ ಅದಾನ ಅಂವ! ಎಲ್ಲಿ ಇಟಗೋತಿ? ಯಾಕ ಎದ್ದಿ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಾಸ್ತರರ ಓದಿನ ಕನ್ನಡವಲ್ಲದ, ನಮ್ಮೂರಿನ ಮಾತು ಅವನ ಬಾಯಿಂದ ಮೊದಲ ಸಲ ಬಂತು.

"ಒಲಿ ಮ್ಯಾಲ ಹಾಲು ಬಿಟ್ಟಬಂದೇನಿ, ಯವ್ವಾ."

ಆ ದಿನ ಗೌಳಿಗ ಬಂದೇ ಇರಲಿಲ್ಲ. ನಮ್ಮ ಮನೆಯಲ್ಲಿ ಒಂದು ಹನಿ ಹಾಲಿರಲಿಲ್ಲ.